ಮೂಕ ಪೆಟ್ಟಿಗೆಯ ಸಾಕ್ಷಿ

ಡ್ರಾಯರಿನಲ್ಲಿ ಗುಬ್ಬಿ ಇರಲಿಲ್ಲ.

ಆಮ್ರಪಾಲಿ ಡ್ರಾಯರನ್ನೇ ಹೊರಗೆಳೆದು ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಬೋರಲು ಹಾಕಿದಳು. ಸ್ಕ್ರೂಗಳು ಚೆಲ್ಲಿದವು, ಕೆಟ್ಟ ಮೌಸೊಂದು ಬಾಲ ಸುತ್ತಿಕೊಂಡು ಬಿತ್ತು, ಯಾವ ಕಾಲದ್ದೋ ಬಡೇಸೋಪಿನ ಪುಡಿಕೆಯೂ ಬಿತ್ತು. ಗುಬ್ಬಿ ಮಾತ್ರ ಬೀಳಲಿಲ್ಲ.

ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಆಯೆಷಾ ಟೀಚರ್ ಗೋಡೆಯ ಗಡಿಯಾರ ನೋಡಿದರು. ಅವರ ಟ್ಯೂಷನ್ ಕ್ಲಾಸಿನ ಕಂಪ್ಯೂಟರು ಬೆಳಿಗ್ಗೆಯಿಂದ ಮೂಕವಾಗಿತ್ತು.

"ಏನ್ ಹುಡುಕಾಕತ್ತೀರಿ? ನನ್ನ ಕಂಪ್ಯೂಟರಿನ ದನಿ ನಿಮ್ಮ ಡ್ರಾಯರಿನ್ಯಾಗ ಬಿದ್ದದೇನ್ರಿ?"

"ಗುಬ್ಬಿ, ಟೀಚರ್. ನನ್ನ ಗುಬ್ಬಿ."

"ಬಸವಕಲ್ಯಾಣದಾಗ ಗುಬ್ಬಿ ಕಾಣ್ದೇ ಎಷ್ಟೋ ವರ್ಷ ಆತು. ನಿಮ್ಮ ಡ್ರಾಯರಿನ್ಯಾಗ ಎಲ್ಲಿಂದ ಬರ್ಬೇಕು?"

ಆಮ್ರಪಾಲಿಗೆ ನಗು ಬರಲಿಲ್ಲ. ಅವಳ ಗುಬ್ಬಿ ಹಕ್ಕಿಯಲ್ಲ. ಹೆಬ್ಬೆರಳಿನಷ್ಟು ಗಾತ್ರದ, ಹೊರಗಿನಿಂದ ಚುಚ್ಚುವ ಯುಎಸ್‌ಬಿ ಸೌಂಡ್ ಕಾರ್ಡು. ಚಿಕ್ಕ ಮೈ, ದೊಡ್ಡ ದನಿ. ಅದಕ್ಕೇ ಆ ಹೆಸರು. ಯಾವ ಕಂಪ್ಯೂಟರಿನ ಮುಂದೆ ಕೂತರೂ ಅವಳ ಕೈ ಮೊದಲು ಗುಬ್ಬಿಯನ್ನು ಹಿಂಬದಿಗೆ ಚುಚ್ಚಿ, ಅದಕ್ಕೆ ತನ್ನ ಹೆಡ್‌ಫೋನ್ ಸಿಕ್ಕಿಸುತ್ತಿತ್ತು. ಗುಬ್ಬಿ ಮಾತಾಡಿತು ಅಂದರೆ ಸ್ಪೀಕರು, ಹಾಡು ಎಲ್ಲ ಸರಿ; ಕೆಟ್ಟಿರುವುದು ಒಳಗಿನ ಕಾರ್ಡು, ಇಲ್ಲವೇ ಅದರ ಡ್ರೈವರ್. ಡ್ರೈವರ್ ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಂತ ದುಭಾಷಿ. ದುಭಾಷಿ ಓಡಿಹೋದರೆ ಇಬ್ಬರಿಗೂ ಬಾಯಿದ್ದೂ ಮಾತಿಲ್ಲ.

ಗುಬ್ಬಿಯನ್ನು ಕಡೆಯ ಸಲ ಚುಚ್ಚಿದ್ದು ಎಲ್ಲಿ?

ನೆನಪಾಯಿತು. ನೆನಪಾದದ್ದೇ ಅವಳು ಸ್ಕ್ರೂಗಳ ರಾಶಿಯಿಂದ ಕೈ ಹಿಂತೆಗೆದಳು.

ಹುಮನಾಬಾದ್. ನಾಗನಾಥನ ಅನೌನ್ಸಿಂಗ್ ಸೆಂಟರ್. ಹೋದ ಸೋಮವಾರ. ಜನ ಕಿಕ್ಕಿರಿದು ನಿಂತಿದ್ದರು. ಅವಳು ಸಿಪಿಯು ಹಿಂದೆ ಕೈಹಾಕಿ ಗುಬ್ಬಿ ಚುಚ್ಚಿದ್ದಳು, ತೆಗೆದದ್ದು ನೆನಪಿಲ್ಲ. ತೆಗೆದಿರಲಿಲ್ಲ.

"ಯಾಕವ್ವಾ, ಮಾರಿ ಸುಣ್ಣ ಹಚ್ಚಿದಂಗ ಆಗ್ಯದ?" ಆಯೆಷಾ ಟೀಚರ್ ಎದ್ದು ಹತ್ತಿರ ಬಂದರು.

"ಟೀಚರ್, ನಾ ಒಂದು ಗಲತ್ ಮಾಡೀನಿ ಅನಿಸ್ತದ."

"ಸಣ್ಣದೋ, ದೊಡ್ಡದೋ?"

"ನೋಡಿ ಬಂದ ಮ್ಯಾಲ ಹೇಳ್ತೀನಿ." ಅವಳು ಆಗಲೇ ಶಟರಿನ ಕೊಂಡಿ ಹುಡುಕುತ್ತಿದ್ದಳು.

ಹೋದ ವಾರ ಓದಿದವರಿಗೆ ಆ ಸೋಮವಾರ ಗೊತ್ತೇ ಇದೆ. ಓದದವರಿಗೆ ಇಷ್ಟು ಸಾಕು. ಮೋರಖಂಡಿಯ ಕುರಿಗಾರ ದೇವಿಂದ್ರಪ್ಪನ ಮಂದೆಯನ್ನು ಸುತ್ತಲಿನ ರೈತರು ಕಾಳು ಕೊಟ್ಟು ಕರೆದು, ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಕುರಿ ನಿಂತ ಹೊಲ ಮುಂದಿನ ಬೆಳೆಗೆ ನಗುತ್ತದೆ. ಆ ಸೋಮವಾರದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಸ್ಪೀಕರು ಕಟ್ಟಿದ ಆಟೋ ಊರೂರು ತಿರುಗಿ ಸಾರಿತು: "ಮೋರಖಂಡಿಯ ದೇವಿಂದ್ರಪ್ಪನವರ ಕುರಿಗಳಿಗೆ ರೋಗ ಬಂದಿದೆ. ಯಾರೂ ಹತ್ತಿರ ಸೇರಿಸಬಾರದು." ಹಸಿ ಸುಳ್ಳು. ಆದರೆ ದನಿ ಶೈಲೇಶನದು. ಎರಡು ತಾಲೂಕಿನಲ್ಲಿ ಯಾರ ಮನೆಯ ಶುಭವೇ ಆಗಲಿ, ಯಾರ ಎಮ್ಮೆ ಕಳೆದಿರಲಿ, ಸಾರುವುದು ನಾಗನಾಥನ ಸೆಂಟರಿನ ಶೈಲೇಶನೇ. ಆ ದನಿ ಹೇಳಿತೆಂದರೆ ಊರು ನಂಬುತ್ತದೆ. ಮಂದೆ ಬೀದಿಗೆ ಬಿತ್ತು.

ಕಳವು, ಮೋಸ ಪತ್ತೆಹಚ್ಚುವ ಹುಡುಗಿ ಎಂದು ಹೆಸರಾಗಿದ್ದ ಆಮ್ರಪಾಲಿಯನ್ನು ದೇವಿಂದ್ರಪ್ಪನೇ ಆ ಸೆಂಟರಿಗೆ ಕರೆದುಕೊಂಡು ಹೋಗಿದ್ದ. ಆಟೋದ ಪೆನ್‌ಡ್ರೈವಿನಲ್ಲಿದ್ದ ಅನೌನ್ಸು ತಯಾರಾದದ್ದು ಶನಿವಾರ. ಶನಿವಾರ ಸೆಂಟರಿನಲ್ಲಿ ಇದ್ದವನು ಶೈಲೇಶ ಒಬ್ಬನೇ. ಅವನು ತೊದಲುತ್ತ ಹೇಳಿದ್ದು ಒಂದೇ ಮಾತು: "ಅಕ್ಕಾ, ಶನಿವಾರ ಈ ಕಂಪ್ಯೂಟರಿಗೆ ದನಿನೇ ಇರ್ಲಿಲ್ಲ. ಸ್ಪೀಕರಿನ ಗುರ್ತಿನ ಮ್ಯಾಲ ಕೆಂಪು ಕಾಟು, ಇಂಟು ಮಾರ್ಕ್, ಬಿದ್ದಿತ್ತು. ನಾ ಹ್ಯಾಂಗ ರೆಕಾರ್ಡ್ ಮಾಡ್ಲಿ?"

ಅವಳು ಅವನ ಮಾತು ಮುಗಿಯುವ ಮೊದಲೇ ಗುಬ್ಬಿ ಚುಚ್ಚಿ ಆಗಿತ್ತು. ಆಮೇಲೆ ಹೆಡ್‌ಫೋನ್ ತೆಗೆದು, ನಾಲ್ಕು ಜನ ಕೇಳಲಿ ಎಂದು ಅಂಗಡಿಯ ಸ್ಪೀಕರಿನ ವೈರನ್ನೇ ಗುಬ್ಬಿಗೆ ಸಿಕ್ಕಿಸಿದ್ದಳು. ಕಂಪ್ಯೂಟರು ಗಂಟಲು ಬಿಚ್ಚಿ ಹಾಡಿತ್ತು. ಕೆಂಪು ಕಾಟು ಎಲ್ಲಿಯೂ ಇರಲಿಲ್ಲ.

"ಕಂಪ್ಯೂಟರ್ ಸುಳ್ಳು ಹೇಳೂದಿಲ್ಲ ಶೈಲೇಶ," ಎಂದಿದ್ದಳು ಅವಳು, ಎಲ್ಲರಿಗೂ ಕೇಳುವಂತೆ. "ನೀ ಹೇಳಾಕತ್ತೀದಿ."

ಅಷ್ಟು ಕಟುವಾಗಿ ಹೇಳಬೇಕಿರಲಿಲ್ಲ. ಹೇಳಿದ್ದು ಯಾಕೆಂದು ಅವಳಿಗೆ ಗೊತ್ತು. ಮೋರಖಂಡಿಯ ಶೈಲೇಶ ಅವಳ ಪೈಕಿಯವನೇ, ಅವಳ ಬುದ್ಧವಿಹಾರಕ್ಕೇ ಬರುವವನು. ತನ್ನವನೆಂದು ಬಿಟ್ಟಳು ಎಂದು ಯಾರೂ ಆಡಬಾರದಿತ್ತು. ಯಾರೂ ಆಡಲಿಲ್ಲ. ಎಲ್ಲರೂ ಹೊಗಳಿದರು. ಶೈಲೇಶ ತಲೆ ತಗ್ಗಿಸಿ ನಿಂತೇ ಇದ್ದಾಗ ಅವನ ತಾಯಿ ಸೋನುಬಾಯಿ, ಕೂಲಿಯಿಂದ ನೇರ ಬಂದವಳು, ಕೈಯಲ್ಲಿ ಇನ್ನೂ ಮಣ್ಣಿದ್ದವಳು, ಮುಂದೆ ಬಂದು ದೇವಿಂದ್ರಪ್ಪನ ಕಾಲು ಮುಟ್ಟಿದ್ದಳು.

ಅದನ್ನು ನೋಡಲಾಗದೆ ಆಮ್ರಪಾಲಿ ಬಸ್ಸಿಗೆ ಹೊತ್ತಾಯಿತೆಂದು ಓಡಿಬಂದಿದ್ದಳು. ಗುಬ್ಬಿಯನ್ನು ಅಲ್ಲೇ ಬಿಟ್ಟು.

* * *

ಬಸ್ಸು ಹೆದ್ದಾರಿ ಹತ್ತಿದ ಮೇಲೆ ಅವಳು ಕಿಟಕಿಗೆ ಹಣೆ ಆನಿಸಿ ಕೂತಳು. ಎರಡೂ ಬದಿ ತೊಗರಿ ಹೂ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಆ ಹಳದಿಯೊಳಗೆ ಅವಳು ಊರೊಂದನ್ನು ಕಟ್ಟುತ್ತಿದ್ದಳು, ಅರಸನನ್ನು ಕೂರಿಸುತ್ತಿದ್ದಳು.

ಅವಳ ಅಜ್ಜಿಯ ಕತೆಯೊಂದರಲ್ಲಿ ಒಬ್ಬ ರಾಜನಿದ್ದ. ಅವನ ಬಳಿ ನಿಜ ನುಡಿಯುವ ಗಿಳಿಯಿತ್ತು. ಕಳ್ಳ ಯಾರೆಂದು ಕೇಳಿದರೆ ಗಿಳಿ ಹೆಸರು ಹೇಳುತ್ತಿತ್ತು, ರಾಜ ತಲೆ ಹಾರಿಸುತ್ತಿದ್ದ. ಒಂದು ದಿನ ಪಂಜರ ಸರಿಸಿ ನೋಡಿದರೆ ಹಿಂದೆ ಒಬ್ಬ ಮನುಷ್ಯ ಕೂತಿದ್ದಾನೆ. ಗಿಳಿ ಹುಟ್ಟಾ ಮೂಕ. "ಆಮ್ಯಾಲ ರಾಜ ಏನ್ ಮಾಡಿದ?" ಎಂದು ಪ್ರತಿಸಲ ಇವಳು ಕೇಳುತ್ತಿದ್ದಳು. "ಏನ್ ಮಾಡ್ತಾನ? ಹೊಸಾ ಗಿಳಿ ತಂದ," ಎಂದು ಅಜ್ಜಿ ಮಗ್ಗುಲಾಗಿ ಮಲಗಿಬಿಡುತ್ತಿದ್ದಳು.

ಸೋಮವಾರ ಜನ ಹೊಗಳಿದ್ದು ಇವಳಿಗೆ ಹಿತವಾಗಿತ್ತು. ಅದನ್ನು ನೆನೆದರೆ ಈಗ ಬಾಯಿ ಕಹಿಯಾಯಿತು.

* * *

ನಾಗನಾಥನ ಸೆಂಟರು ಎಂದರೆ ಒಂದು ಕೋಣೆ. ಹೊರಗಿನ ಗದ್ದಲ ಬರಬಾರದೆಂದು ಗೋಡೆಗೆಲ್ಲ ಹಳೆಯ ಕೌದಿಗಳನ್ನು ಹೊಡೆದಿದ್ದ. ನಡುವೆ ಒಂದು ಮೈಕು, ಮೂಲೆಯಲ್ಲಿ ಕಂಪ್ಯೂಟರು. ಯಾವುದೋ ಮದುವೆಯ ಹಾಡು ಜೋರಾಗಿ ಬರುತ್ತಿತ್ತು.

"ಬರ್ರಿ ಬರ್ರಿ ಮೇಡಂ. ನಿಮ್ಮ ಹೆಸರು ಹೇಳ್ಕೋತ ಹುಮನಾಬಾದ್ ಮಂದಿ ಚಾ ಕುಡ್ಯಾಕತ್ತಾರ. ಕೂಡ್ರಿ, ನಿಮಗೂ ಒಂದು ಹೇಳ್ತೀನಿ."

ಅವಳು ಕೂರಲಿಲ್ಲ. ಮೇಜಿನ ಕೆಳಗೆ ಬಗ್ಗಿ ಸಿಪಿಯು ಹಿಂದೆ ಕೈ ಚಾಚಿದಳು. ಬೆರಳಿಗೆ ಗುಬ್ಬಿ ತಾಗಿತು.

ಕಿತ್ತಳು. ಹಾಡು ನಿಂತಿತು.

"ಏ ಏ, ಏನ್ ಕಿತ್ತಿದ್ರಿ?"

ಆಮ್ರಪಾಲಿ ಎದ್ದು ಪರದೆಯ ಬಲಮೂಲೆಗೆ ಬೆರಳಿಟ್ಟಳು. ಸ್ಪೀಕರಿನ ಪುಟ್ಟ ಗುರುತಿನ ಮೇಲೆ ಕೆಂಪು ಕಾಟು. ಶೈಲೇಶ ಹೇಳಿದ್ದೇ ಕಾಟು.

ನಾಗನಾಥ ಅದನ್ನು ನೋಡಿದ, ಅವಳ ಅಂಗೈಯನ್ನು ನೋಡಿದ. "ಅದೇನು?"

"ನನ್ನ ಸೌಂಡ್ ಕಾರ್ಡ್ ಅಣ್ಣಾ. ಸೋಮವಾರ ಮಾತಾಡಿದ್ದು ಇದು. ನಿಮ್ಮ ಕಂಪ್ಯೂಟರ್ ಅಲ್ಲ."

ಅವಳು ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್ ತೆರೆದಳು. ಒಳಗಿನ ಸೌಂಡ್ ಕಾರ್ಡಿನ ಹೆಸರಿನ ಮುಂದೆ ಹಳದಿ ತ್ರಿಕೋನ ಕೂತಿತ್ತು. ಅದರ ಹೊಟ್ಟೆಯೊಳಗೆ ಹೋದರೆ ನಡೆದದ್ದೆಲ್ಲ ದಿನದ ಸಮೇತ ಸಾಲುಗಟ್ಟಿತ್ತು: ಶನಿವಾರ ಬೆಳಿಗ್ಗೆ ಅಪ್‌ಡೇಟ್ ಬಂದಿದೆ, ಹಳೆಯ ಡ್ರೈವರ್ ಹೋಗಿ ಹೊಸದು ಕೂತಿದೆ, ಆಮೇಲೆ ಕಾರ್ಡು ಶುರುವಾಗಿಲ್ಲ. ಅಂದಿನಿಂದ ಇಂದಿನವರೆಗೂ ಶುರುವಾಗಿಲ್ಲ. ಸೋಮವಾರ ಈ ಒಂದು ಪುಟ ತೆರೆದಿದ್ದರೆ ಸಾಕಿತ್ತು. ತೆರೆದಿರಲಿಲ್ಲ.

ಅವಳು ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡಳು.

"ಅಂದ್ರ?" ಎಂದ ನಾಗನಾಥ.

"ಅಂದ್ರ ಶೈಲೇಶ ಖರೇ ಹೇಳಿದ್ದ. ಅವ ಸುಳ್ಳು ಹೇಳಿದ ಅನ್ನೂದೇ ಅವನ ಮ್ಯಾಲಿನ ಸಾಕ್ಷಿ ಆಗಿತ್ತು. ಆ ಸಾಕ್ಷಿ ಹುಟ್ಟಿಸಿದಾಕಿ ನಾನು."

ನಾಗನಾಥ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ಮಾತು ಸಣ್ಣಗಾಯಿತು. "ಇದು ಯಾರ್‍ಯಾರಿಗೆ ಗೊತ್ತದ?"

"ನನಗ. ಈಗ ನಿಮಗ."

"ಹಂಗಾರ ಯಾರಿಗೂ ಗೊತ್ತಿಲ್ಲ ಅಂದಂಗಾತು."

"ಅಣ್ಣಾ…"

"ಕೇಳ್ರಿ ಮೊದಲ. ಹುಡುಗ ತಲಿ ತಗ್ಗಿಸಿದ, ಅವನವ್ವ ಕಾಲಿಗೆ ಬಿದ್ಲು, ದೇವಿಂದ್ರಪ್ಪ ಹೋಗ್ಲಿ ಬಿಡು ಅಂದ. ಮುಗೀತು. ನಾಕ್ ದಿನ ಬಿಟ್ಟು ನಾನೇ ಶೈಲೇಶನ್ನ ಕೆಲಸಕ್ಕ ವಾಪಸ್ ಕರಸ್ತೀನಿ, ಅಂಥಾ ಗಂಟಲು ನನಗರ ಎಲ್ಲಿ ಸಿಗಬೇಕು? ಈಗ ನೀವು ಹೋಗಿ 'ನನ್ನ ಚೂಕ್ ಆಗ್ಯದ' ಅಂದ್ರ, ಊರ ಮಂದಿ ಏನ್ ಕೇಳ್ತಾರ? ಹಂಗಾರ ಮಾಡಿದವ್ರು ಯಾರು ಅಂತಾರ. ನನ್ನ ಬಾಗಿಲಿಗೆ ಬರ್ತಾರ. ನಿಮ್ಮ ಅಂಗಡಿಗೆ ಒಂದು ನರಪಿಳ್ಳೆ ಬರೂದಿಲ್ಲ. ಆ ಡ್ರೈವರ್ ಏನದ, ಸರಿಮಾಡ್ರಿ. ಆ ಕಾರ್ಡ್ ಚೀಲದಾಗ ಹಾಕ್ಕೋರಿ. ಚಾ ಕುಡೀರಿ."

 ಮುಚ್ಚಿಡುವುದು ಬೇಡ. ಒಂದು ಗಳಿಗೆ ಆಮ್ರಪಾಲಿಯ ಅಂಗೈ ಗುಬ್ಬಿಯ ಮೇಲೆ ಮುಚ್ಚಿಕೊಂಡಿತು. ಚೀಲ ಹೆಗಲಲ್ಲೇ ಇತ್ತು. ಬಸ್ಸು ಹಿಡಿದರೆ ಸಂಜೆಗೆ ಆಯೆಷಾ ಟೀಚರ್ ಕೆಲಸವನ್ನೂ ಮುಗಿಸಬಹುದು. ಅಂಗಡಿ, ಹೆಸರು, ಬಾಗಿಲಿಗೆ ಬರುವ ಜನ, ಎಲ್ಲ ಇದ್ದ ಹಾಗೆ ಇರುತ್ತದೆ.

ಮಂಗಳವಾರ ಬಸವಕಲ್ಯಾಣದ ಸಂತೆಯಲ್ಲಿ ಸೋನುಬಾಯಿ ಸಿಕ್ಕಿದ್ದಳು. "ಜೈ ಭೀಮ್ ಅತ್ತೀ," ಎಂದು ಇವಳು ಕೈ ಎತ್ತಿದ್ದಳು. ಸೋನುಬಾಯಿ ಬದನೆಕಾಯಿ ಆರಿಸುತ್ತಲೇ ಇದ್ದಳು. ಕೇಳಿಸಲಿಲ್ಲವೆಂದು ಇವಳು ಅಂದುಕೊಂಡಿದ್ದಳು. ಕೇಳಿಸಿತ್ತು.

"ಆ ಅನೌನ್ಸ್ ಇನ್ನೊಮ್ಮೆ ಹಚ್ರಿ," ಎಂದಳು ಆಮ್ರಪಾಲಿ.

"ಯಾಕ?"

"ಸೋಮವಾರ ನಾ ಅದನ್ನ ಪೂರಾ ಕೇಳೇ ಇಲ್ಲ. ಗದ್ಲ ಇತ್ತು. ಮತ್ತ ನನಗ ಅವಸರ ಇತ್ತು."

ಮೊದಲು ಡ್ರೈವರ್. ಹೊಸ ದುಭಾಷಿಯನ್ನು ಕಳಿಸಿ ಹಳಬನನ್ನೇ ವಾಪಸು ಕರೆಸುವ ಗುಂಡಿ ಅಲ್ಲೇ ಇತ್ತು. ಒತ್ತಿದಳು. ಕಂಪ್ಯೂಟರು ಒಮ್ಮೆ ಮಲಗಿ ಎದ್ದಿತು. ಕೆಂಪು ಕಾಟು ಮಾಯವಾಗಿತ್ತು, ಒಳಗಿನ ಕಾರ್ಡು ತನ್ನದೇ ಬಾಯಲ್ಲಿ ಟಿಣ್ ಎಂದಿತು. ಇಷ್ಟೇ ಕೆಲಸ. ಇಷ್ಟಕ್ಕೆ ಒಬ್ಬಳ ತಲೆ ಇನ್ನೊಬ್ಬನ ಕಾಲಿಗೆ ತಾಗಿತ್ತು.

ಹೆಡ್‌ಫೋನ್ ಹಾಕಿಕೊಂಡು, ದನಿಯನ್ನು ತುದಿಮುಟ್ಟ ಏರಿಸಿ ಅವಳು ಕಣ್ಣು ಮುಚ್ಚಿದಳು.

"ಮೋರಖಂಡಿಯ ದೇವಿಂದ್ರಪ್ಪನವರ…"

ನಿಲ್ಲಿಸಿದಳು. ಹಿಂದಕ್ಕೆಳೆದಳು. ಮತ್ತೆ ಕೇಳಿದಳು.

ಶೈಲೇಶನ ದನಿಯ ಕೆಳಗೆ, ಬಾವಿಯ ತಳದಲ್ಲಿ ಬಿದ್ದ ಬಿಂದಿಗೆಯ ಹಾಗೆ, ಏನೋ ಹೊಳೆಯಿತು. 'ದೇವಿಂದ್ರಪ್ಪನವರ' ಎಂಬಲ್ಲಿಗೆ ಅದು ಕಡಿದುಹೋಗುತ್ತಿತ್ತು. 'ಕುರಿಗಳಿಗೆ ರೋಗ ಬಂದಿದೆ' ಎಂಬಲ್ಲಿ ಅದರ ಸುಳಿವೇ ಇಲ್ಲ.

"ಅಣ್ಣಾ, ಇದನ್ನ ಕೇಳ್ರಿ. ಮಾತು ಬಿಡ್ರಿ, ಮಾತಿನ ಕೆಳಗ ಕೇಳ್ರಿ."

ನಾಗನಾಥ ಅಸಡ್ಡೆಯಿಂದಲೇ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡ. ಆಮೇಲೆ ಬಾಯೊಳಗಿನ ಎಲೆ ಅಗಿಯುವುದನ್ನು ನಿಲ್ಲಿಸಿದ.

"ಸನಾದಿ," ಎಂದ.

"ಎಲ್ಲಿಯ ಸನಾದಿ?"

"ನಾನೇ ಹಾಕಿದ್ದು. ಮೊಬೈಲಿನ್ಯಾಗ ಕಳಿಸೂ ಲಗ್ನಪತ್ರಿಕೆ ವಿಡಿಯೋ ಇರ್ತಾವಲ್ಲ, ಅದಕ್ಕ. 'ಮೋರಖಂಡಿಯ ದೇವಿಂದ್ರಪ್ಪನವರ ಜ್ಯೇಷ್ಠ ಪುತ್ರಿ' ಅಂತ ಶೈಲೇಶ ಓದಿದ್ದ. ಹಿಂದ ಸನಾದಿ." ಅವನು ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಟ್ಟ. "ಕುರಿ ರೋಗದ ಮಾತು ಹೋದ ವರ್ಷದ ಲಸಿಕೆ ಅನೌನ್ಸಿನ್ಯಾಗಿಂದು. 'ಕುರಿಗಳಿಗೆ ರೋಗ ಬಂದಿದೆ. ರೋಗದ ಕುರಿಗಳನ್ನು ಯಾರೂ ಹತ್ತಿರ ಸೇರಿಸಬಾರದು' ಅಂತ ಊರೂರು ಸಾರೀವಿ. ಅದು ಎಲ್ಲಾರ ಮೊಬೈಲಿನ್ಯಾಗೂ ಅದ."

"ಎರಡೂ ಕತ್ತರಿಸಿ ಹೊಲ್ದಾರ."

"ಕೌದಿ ಹೊಲ್ದಂಗ ಹೊಲ್ದಾರ."

"ಆ ಲಗ್ನದ ವಿಡಿಯೋ ಯಾರ ಬಲ್ಲಿ ಅದ?"

ನಾಗನಾಥ ಬಾಗಿಲ ಕಡೆ ನೋಡಿದ. "ಅದೇ ನೋಡ್ರಿ ಮೇಡಂ. ಯಾರ ಬಲ್ಲಿನೂ ಇರಬಾರದು. ವಿಡಿಯೋ ತಯಾರಾತು, ಆ ಹುಡುಗಿ ಶೀತಲ ತಾನೇ ಬಂದು ತನ್ನ ಮೊಬೈಲಿಗೆ ಹಾಕಿಸ್ಕೊಂಡು ಹೋದ್ಲು. ಮರುದಿನ ದೇವಿಂದ್ರಪ್ಪಂದು ಫೋನ್ ಬಂತು, ಲಗ್ನ ಮುರೀತು, ಯಾರಿಗೂ ಕಳಿಸಬ್ಯಾಡ್ರಿ, ಅಳಿಸಿಬಿಡ್ರಿ ಅಂತ. ಅಳು ಬಂದಿತ್ತು ಆ ಮನುಷ್ಯಾಗ. ನನ್ನ ಕೈಯಾರೆ ಅಳಿಸೀನಿ."

 ಮಂದೆಯನ್ನು ಬೀದಿಗೆ ತಂದ ದನಿ ಹೊರಟದ್ದು ಮಂದೆಯವನ ಮನೆಯಿಂದಲೇ. ಅವನ ಮಗಳ ಮೊಬೈಲಿನಿಂದ.

"ಹೇಳ್ತೀರೇನು ಶೀತಲಳ ಹೆಸರು?" ಎಂದ ನಾಗನಾಥ.

"ಇಲ್ಲ," ಎಂದಳು ಆಮ್ರಪಾಲಿ. "ಆ ಮೊಬೈಲ್ ಇನ್ನ್ಯಾರ ಕೈಯಾಗ ಬಂದಿತ್ತೋ ನನಗೇನು ಗೊತ್ತು? ನನಗ ಪಕ್ಕಾ ಗೊತ್ತಿರೂದು ನನ್ನ ಚೂಕ್ ಒಂದೇ. ಅದನ್ನ ಹೇಳ್ತೀನಿ. ಮೈಕ್ ಚಾಲೂ ಮಾಡ್ರಿ."

"ಮೈಕ್ ಯಾಕ? ಹೋಗಿ ಆ ಸೋನುಬಾಯಿ ಕಿವ್ಯಾಗ ಹೇಳ್ರಿ, ಸಾಕು."

"ಆಕಿ ಕಾಲು ಮುಟ್ಟಿದ್ದು ಎಲ್ಲಾರ ಮುಂದ, ಕಿವ್ಯಾಗ ಅಲ್ಲಲ್ಲಣ್ಣಾ."

 ನಾಗನಾಥ ಬಗ್ಗಿ ಮೈಕಿನ ಕತ್ತನ್ನು ಅವಳ ಎತ್ತರಕ್ಕೆ ಇಳಿಸಿದ.

ಊರಿಗೆ ಸಾರುವುದಕ್ಕೂ ಒಂದು ಧಾಟಿಯಿದೆ. ಆ ಧಾಟಿಯಲ್ಲೇ ಹೇಳಿದಳು. "ಮೋರಖಂಡಿಯ ಸಮಸ್ತ ನಾಗರಿಕರಲ್ಲಿ ವಿನಂತಿ. ನಾನು ಬಸವಕಲ್ಯಾಣದ ಕಂಪ್ಯೂಟರ್ ರಿಪೇರಿಯ ಆಮ್ರಪಾಲಿ. ಹೋದ ಸೋಮವಾರ ನಾನು ಶೈಲೇಶನನ್ನು ಸುಳ್ಳ ಎಂದೆ. ಅವನು ನಿಜ ಹೇಳಿದ್ದ. ಸರಿಯಾಗಿ ನೋಡದೆ ತಪ್ಪು ಹೇಳಿದವಳು ನಾನು. ಅವನ ತಾಯಿ ಸೋನುಬಾಯಿಯವರು…"

ಅಲ್ಲಿಗೆ ಗಂಟಲು ಹಿಡಿಯಿತು. ತಡೆದು, ಮುಂದೆ ಹೇಳಿ ಮುಗಿಸಿದಳು.

"ದನಿ ನಡುಗಿದ್ದು ಕಟ್ ಮಾಡ್ಲೇನ್ರಿ?" ಎಂದ ನಾಗನಾಥ.

"ಬ್ಯಾಡ್ರಿ. ಇರ್ಲಿ."

* * *

ಅಬ್ದುಲ್ ಕರೀಂ ಚಾಚಾ ತನ್ನ ಆಟೋದ ನೆತ್ತಿಗೆ ಸ್ಪೀಕರು ಕಟ್ಟಿಕೊಂಡು ಎರಡು ತಾಲೂಕಿನ ದೂಳು ಕುಡಿದವನು. ಭಾನುವಾರ ಆ ಸುಳ್ಳನ್ನು ತಿಳಿಯದೆ ಸಾರಿದ್ದೂ ಅವನೇ. ಆಮ್ರಪಾಲಿ ಅವನ ಪಕ್ಕದಲ್ಲೇ ಕೂತಳು.

"ಚಾಚಾ, ಭಾನುವಾರದ ಪೆನ್‌ಡ್ರೈವ್ ನಿಮಗ ಯಾರು ಕೊಟ್ರು?"

"ಒಂದು ಹುಡುಗಿ, ಬೇಟಿ. ಶನಿವಾರ ಸಂಜೀಕ. ಬಸ್ ಸ್ಟ್ಯಾಂಡಿನ ಮುಂದ. ಮಾರಿಗೆ ಸ್ಕಾರ್ಫ್ ಸುತ್ಕೊಂಡಿದ್ಲು. ಶೈಲೇಶ ಕೊಟ್ಟಾನ, ನಾಳಿಗಿ ಹಚ್ಚಬೇಕಂತ ಅಂದ್ಲು."

ಆಮ್ರಪಾಲಿ ತಿರುಗಿ ನೋಡಿದಳು. "ಸೋಮವಾರ ಇದನ್ನ ಯಾಕ ಹೇಳ್ಲಿಲ್ಲ?"

"ನೀ ಎಲ್ಲಿ ಕೇಳ್ದಿ?" ಕರೀಂ ಚಾಚಾ ಕೋಪವಿಲ್ಲದೆ ಹೇಳಿದ. "ನಾ ಬಾಗಿಲ ಹೊರಗೇ ನಿಂತಿದ್ದೆ. ನೀ ಬಂದಿ, ಕಂಪ್ಯೂಟರಿಗೆ ಕೇಳ್ದಿ, ಹೋದಿ. ಮನಷ್ಯಾರಿಗೆ ಯಾರಿಗೂ ಕೇಳ್ಲಿಲ್ಲ."

 ಮೋರಖಂಡಿಯ ತನಕ ಅವಳು ತನ್ನ ಚಪ್ಪಲಿಗಳನ್ನೇ ನೋಡುತ್ತ ಕೂತಳು.

ಊರ ಬಾಯಿಯಲ್ಲೇ ದೇವಿಂದ್ರಪ್ಪನ ಮಂದೆ ಕಂಡಿತು. ಹೊಲದೊಳಗಲ್ಲ, ರಸ್ತೆಯ ಮಗ್ಗುಲಿನ ಕಲ್ಲುಗಾಡಿನಲ್ಲಿ. ಸುತ್ತ ಖಾಲಿ ಹೊಲಗಳಿದ್ದವು, ಒಂದರಲ್ಲೂ ಕುರಿಯ ಹೆಜ್ಜೆ ಇರಲಿಲ್ಲ. ದೇವಿಂದ್ರಪ್ಪ ಕಂಬಳಿ ಹೊದ್ದು ಕೋಲೂರಿ ನಿಂತಿದ್ದ. ಅವನಿಗೆ ಬುತ್ತಿ ತಂದಿದ್ದ ಮಗಳು ಶೀತಲ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಸ್ಪೀಕರಿನ ಆಟೋ ಕಂಡದ್ದೇ ಅಪ್ಪನ ಮುಖ ಮುದುಡಿತು, ಮಗಳ ಕೈ ಗಂಟಿನ ಮೇಲೇ ನಿಂತಿತು.

ಕರೀಂ ಚಾಚಾ ಗುಂಡಿ ಒತ್ತಿದ.

ತನ್ನದೇ ದನಿ ಆಕಾಶದಿಂದ ಬಿದ್ದಂತೆ ಬಂದಾಗ ಆಮ್ರಪಾಲಿಗೆ ಆಟೋದ ಸೀಟಿನೊಳಗೆ ಇಳಿದುಹೋಗಬೇಕೆನಿಸಿತು. ಆದರೂ ಕೆಳಗಿಳಿದು, ಎಲ್ಲರಿಗೂ ಕಾಣುವಂತೆ ನಿಂತಳು. ಹೋಟೆಲಿನಿಂದ ಜನ ಎದ್ದು ಬಂದರು. ಕಳೆ ತೆಗೆದು ಬರುತ್ತಿದ್ದ ಹೆಂಗಸರು ನಿಂತರು. ಅವರ ನಡುವೆ ಸೋನುಬಾಯಿ ಇದ್ದಳು. ಅನೌನ್ಸು ಪೂರ್ತಿ ಮುಗಿಯುವ ತನಕ ಅವಳು ಅಲುಗಲಿಲ್ಲ. ಗಂಟಲು ಹಿಡಿದ ಜಾಗ ಬಂದಾಗಲೂ ಅಲುಗಲಿಲ್ಲ.

"ಜೈ ಭೀಮ್ ಅತ್ತೀ," ಎಂದಳು ಆಮ್ರಪಾಲಿ.

"ಜೈ ಭೀಮ್," ಎಂದಳು ಸೋನುಬಾಯಿ. ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡಳು. "ನನ್ನ ಮಗ ಸುಳ್ಳು ಹೇಳಿಲ್ಲ ಅಂತ ನನಗ ಅವತ್ತೇ ಗೊತ್ತಿತ್ತು ಪೋರಿ. ಗೊತ್ತಿದ್ದೂ ಕಾಲು ಮುಟ್ಟಿದೆ. ಓದಿದಾಕಿ ನೀನೇ ಹೇಳಿದ ಮ್ಯಾಲ ನಾ ಇನ್ನೇನ್ ಮಾಡ್ಲಿ? ಈಗ ನೀ ಮೈಕಿನ್ಯಾಗ ಹೇಳ್ದಿ. ಛಲೋ ಮಾಡ್ದಿ. ಆದ್ರ ನನ್ನ ತಲಿ ಬಗ್ಗಿದ್ದು ಬಗ್ಗಿದ್ದೇ."

ಹೊಡೆದಿದ್ದರೆ ಹಗುರಾಗುತ್ತಿತ್ತು.

ದೇವಿಂದ್ರಪ್ಪ ಕೋಲು ಬಿಟ್ಟು ಮುಂದೆ ಬಂದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಅವನ ಹೆಂಡತಿ ಚಂದಮ್ಮ ಹಿಂದಿನಿಂದ "ಏನ್ ಮಾಡಾಕತ್ತೀರಿ?" ಎಂದದ್ದು ಅವನಿಗೆ ಕೇಳಿಸಲಿಲ್ಲ.

"ಅಕ್ಕಾ, ನಾ ಕಾಲು ಹಿಡಿಸ್ಕೊಂಡೆ. ನಿನಗಿಂತ ಸಣ್ಣಾವ ಇದ್ದೂ ಹಿಡಿಸ್ಕೊಂಡೆ. ನನ್ನ ಕಣ್ಣಿಗೆ ಕುರಿಮಂದೆ ಒಂದೇ ಕಂಡಿತ್ತು," ಎನ್ನುತ್ತ ಅವನು ಸೋನುಬಾಯಿಯ ಕಾಲಿಗೆ ಬಗ್ಗತೊಡಗಿದ.

ಆಗ ಸ್ಪೀಕರು ಕರ್ರೆಂದಿತು.

ಎಲ್ಲರೂ ತಿರುಗಿದರು. ಆಟೋದ ಪಕ್ಕ ಶೈಲೇಶ ನಿಂತಿದ್ದ. ಸ್ಪೀಕರಿನ ಸದ್ದಿಗೆ ಮನೆಯಿಂದ ಓಡಿಬಂದವನು, ಎದೆ ಏರಿಳಿಯುತ್ತಿತ್ತು. ಕರೀಂ ಚಾಚಾನ ಕೈಯಿಂದ ಮೈಕು ತೆಗೆದುಕೊಂಡಿದ್ದ. ಅವನು ಮಾತಾಡಿದ್ದು ತನ್ನ ಕಸುಬಿನ ದನಿಯಲ್ಲಿ, ಎರಡು ತಾಲೂಕು ನಂಬುವ ದನಿಯಲ್ಲಿ.

"ಮೋರಖಂಡಿಯ ಸಮಸ್ತ ನಾಗರಿಕರಲ್ಲಿ ವಿನಂತಿ. ಈಗ ನೀವು ಕೇಳಿದ ಮಾತು ತಪ್ಪು. ಆಮ್ರಪಾಲಿ ಅಕ್ಕನವರು ಕರುಣೆಯಿಂದ ಹಾಗೆ ಹೇಳಿದ್ದಾರೆ. ದೇವಿಂದ್ರಪ್ಪನವರ ಕುರಿಗಳ ಬಗ್ಗೆ ಸುಳ್ಳು ಅನೌನ್ಸು ತಯಾರು ಮಾಡಿದವನು ನಾನೇ. ಬೇರೆ ಯಾರೂ ಅಲ್ಲ. ಇನ್ನು ಮುಂದೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ."

ದೇವಿಂದ್ರಪ್ಪ ಅರ್ಧ ಬಗ್ಗಿದಲ್ಲೇ ನಿಂತುಬಿಟ್ಟ.

ಆಮ್ರಪಾಲಿ ಶೈಲೇಶನ ಕಣ್ಣು ನೋಡಿದಳು. ಸಾರುವವನ ಕಣ್ಣು ಜನರ ಮೇಲಿರುತ್ತದೆ. ಇವನದು ಜನರ ಮೇಲಿರಲಿಲ್ಲ, ತಾಯಿಯ ಮೇಲೂ ಇರಲಿಲ್ಲ. ಕಲ್ಲುಗಾಡಿನಲ್ಲಿ, ಬಿಚ್ಚಿದ ಬುತ್ತಿಯ ಮುಂದೆ ಕಲ್ಲಾಗಿ ಕೂತಿದ್ದ ಶೀತಲಳ ಮೇಲಿತ್ತು.

ಅಂದು ನಿಜ ಹೇಳಿದಾಗ ಇವನ ದನಿ ತೊದಲಿತ್ತು. ಇಂದು ಒಂದಕ್ಷರವೂ ತೊದಲಲಿಲ್ಲ.

"ಹೇಳವ್ವಾ," ಎಂದ ದೇವಿಂದ್ರಪ್ಪ.  "ನಿನ್ನ ಕರಕೊಂಡು ಬಂದಾವ ನಾನು. ಮಾಡಿದ್ದು ಇವನೋ, ಇನ್ನ್ಯಾರರೇ ಇದ್ದಾರೋ?"

ಆಚೆ ಶೀತಲ ತಲೆ ಎತ್ತಿದಳು. ಯಾರಿಗೂ ಕಾಣದಷ್ಟು ಸಣ್ಣಗೆ, ಆಮ್ರಪಾಲಿಗೆ ಮಾತ್ರ ಕಾಣುವಷ್ಟು, ಬೇಡವೆಂದು ತಲೆಯಾಡಿಸಿದಳು.

ಸೋನುಬಾಯಿಯ ಒರಟು ಬೆರಳುಗಳು ಆಮ್ರಪಾಲಿಯ ಮಣಿಕಟ್ಟನ್ನು ಹಿಡಿದವು. ಸಂತೆಯಲ್ಲಿ ತಿರುಗಿ ನೋಡದಿದ್ದ ಕಣ್ಣುಗಳು ಈಗ ಅವಳ ಮುಖದಿಂದ ಕದಲಲಿಲ್ಲ.

"ಒಮ್ಮೆ ಹಂಗ ಹೇಳ್ದಿ, ಒಮ್ಮೆ ಹಿಂಗ ಹೇಳ್ದಿ," ಎಂದಳು ಆ ತಾಯಿ. "ಈಗ ನನ್ನ ಮಾರಿ ನೋಡಿ ಹೇಳು. ನನ್ನ ಮಗ ಖರೇ ಹೇಳಾಕತ್ತಾನೋ, ಸುಳ್ಳೋ?"